ಕಾಶ್ಯಪ ಗೋತ್ರದ ಇಂಗ್ಲಿಷರು

ನಮ್ಮ ಮಾಮಾ ಇಂಗ್ಲೆಂಡಿನ ಎಷ್ಟು ಜನರನ್ನು ಕಾಶ್ಯಪ ಗೋತ್ರಕ್ಕೆ ಸೇರಿಸಿದ್ದಾರೆಂಬುದು ಇಂಗ್ಲೆಂಡಿಗೇ ಗೊತ್ತಿಲ್ಲ!

ಇವರು ನನ್ನ ತಾಯಿಯ ಅಣ್ಣ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮನೆ, ಪೌರೋಹಿತ್ಯ ಕಸುಬು. ಪಿತೃಪಕ್ಷ ಬಂತೆಂದರೆ ಹಿರಿಯರಿಗೆ ಎಳ್ಳುನೀರು ಬಿಡಿಸಲು ಊರಿನ ಅರ್ಧ ಜನ ಇವರನ್ನು ಹುಡುಕುತ್ತಿರುತ್ತಾರೆ. ಇವರೋ, ಒಂದು ದಿನ ಎಲ್ಲರಿಗೂ ಕೈಕೊಟ್ಟು ಇಂಗ್ಲಿಷರ ಹಳೆಯ ಗೋರಿಸ್ಥಾನಕ್ಕೆ ಹೊರಟುಬಿಡುತ್ತಾರೆ. ಹಿಂದೆ ಮುಂದೆ ಯಾರೂ ಇಲ್ಲದವರಿಗೂ ಒಂದು ಬೊಗಸೆ ನೀರು ಬಿಡಬೇಕೆಂದು ಶಾಸ್ತ್ರವಿದೆಯಂತೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ಮುಗಿಯಿತಲ್ಲ!

"ಮೀನು-ಮಾಂಸ ತಿಂದವ್ರಿಗೆ ನಿಮ್ಮ ಎಳ್ಳುನೀರು ಹ್ಯಾಂಗ ನಡೀತದರೀ?" ಎಂದು ಮಾಮಿ ಒಮ್ಮೆ ಕೇಳಿಯೇಬಿಟ್ಟರು.

"ಸತ್ತು ನೂರು ವರ್ಷ ಆತು. ಬಿಟ್ಟಿರ್ತಾರ ತಗೋ!"

ಹೋದ ವರ್ಷ ನಾನು ಇವರ ಮನೆಗೆ ಹೆರಿಗೆಗೆ ಬಂದಿದ್ದೆ. ಅಮ್ಮ ಇಲ್ಲದ ನನಗೆ ಅದೇ ತವರು. ಗಂಡು ಕೂಸು ಹುಟ್ಟಿತು, ಒಂಬತ್ತನೆಯ ದಿನ ತೀರಿಕೊಂಡಿತು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ಅಂಥ ಕೂಸಿಗೆ ತಿಥಿಯಿಲ್ಲ, ತರ್ಪಣವಿಲ್ಲ. ಬಂದವರೆಲ್ಲ "ಮರ್ತು ಬಿಡವಾ" ಎಂದು ಹೇಳಿ, ಚಹಾ ಕುಡಿದು ಹೋದರು. ನಾನು ಮಾತಾಡುವುದನ್ನೇ ಬಿಟ್ಟೆ.

ಎರಡು ತಿಂಗಳಿಗೆ ಪಿತೃಪಕ್ಷ ಬಂತು. ಮಾಮಾ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಏಳವಾ, ನನ್ನ ಜೋಡಿ ಬಾ" ಎಂದರು.

ಮಾಮಿ ಓಡಿಬಂದರು. "ಹೆಣ್ಣುಮಕ್ಕಳು ಗೋರಿಸ್ಥಾನಕ್ಕ ಹೋಗ್ತಾರೇನ್ರೀ?"

"ಅಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳೇ ಅದಾರ!"

ಮೊದಲು ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ಯಾಕೆ? ಇಂಗ್ಲಿಷರಿಗೆ ಸಾದಾ ಬಾಳೆಹಣ್ಣು ಇಡಲಾದೀತೆ! ಕಮಲಾಪುರದ ಕೆಂಪು ಬಾಳೆಯೇ ಆಗಬೇಕು. ಹಣ್ಣು ಮಾರುವ ರೈತ ಕೇಳಿದ, "ಯಾರ್ ತೀರ್ಕೊಂಡಾರ್ರೀ ಸ್ವಾಮೇರ?"

"ಒಬ್ರು ರೈಲ್ವೆ ಇಂಜಿನಿಯರ್."

"ಅಯ್ಯೋ ಪಾಪ! ಯಾವಾಗ್ರೀ?"

"ನಮ್ಮ ಮುತ್ಯಾ ಹುಟ್ಟೂಕಿಂತ ಮೊದಲ."

ರೈತ ಮಾಮಾನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ಎರಡು ಹಣ್ಣು ಹೆಚ್ಚಿಗೆ ಹಾಕಿದ.

ಗೋರಿಸ್ಥಾನದಲ್ಲಿ ಮೊಣಕಾಲಿನವರೆಗೆ ಹುಲ್ಲು ಬೆಳೆದಿತ್ತು. ಮಾಮಾ ಮದುವೆಮನೆಯಲ್ಲಿ ಬೀಗರನ್ನು ತೋರಿಸುವ ಹಾಗೆ ಒಬ್ಬೊಬ್ಬರನ್ನೇ ಪರಿಚಯಿಸುತ್ತಾ, ಒಂದೊಂದು ಬಾಳೆಹಣ್ಣು ಇಡುತ್ತಾ ನಡೆದರು. "ಇವ್ರು ಇಂಜಿನಿಯರ್ ಸಾಹೇಬ್ರು. ಇವ್ರ ಹೆಂಡ್ತಿ ನೋಡು, ಆ ಮೂಲ್ಯಾಗ ಮಲಗ್ಯಾರ. ಏನ್ ಜಗಳಾನೋ ಏನೋ, ಇನ್ನೂ ರಾಜಿ ಆಗಿಲ್ಲ!"

ನಾನು ನಕ್ಕುಬಿಟ್ಟೆ. ಎರಡು ತಿಂಗಳ ಮೇಲೆ ನಕ್ಕೆ. ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಗೋಡೆಯ ಬದಿಗೆ ಮೊಳದುದ್ದದ ಒಂದು ಗೋರಿ ಇತ್ತು. ಮಾಮಾ ಪಂಚೆಯ ತುದಿಯಿಂದ ಕಲ್ಲನ್ನು ಒರೆಸಿ, "ನನಗ ಇಂಗ್ಲಿಷ್ ಬರೂದಿಲ್ಲ, ಬ್ಯಾರೇವ್ರು ಓದಿ ಹೇಳಿದ್ದಷ್ಟೇ ಗೊತ್ತು. ಇದನ್ನ ನೀ ಓದವಾ" ಎಂದರು. ಹೆಸರು ಓದಿದೆ. ಅದರ ಕೆಳಗೆ ವಯಸ್ಸು ಬರೆದಿತ್ತು: ಆರು ದಿನ.

ಮಾಮಾ ಹುಲ್ಲಿನಲ್ಲೇ ಕುಕ್ಕರಗಾಲಲ್ಲಿ ಕೂತು, ಅಂಗೈಗೆ ಎಳ್ಳು ಹಾಕಿಕೊಂಡರು.

"ಆರು ದಿನದ ಕೂಸಿಗೂ ಹೆಸರಿಟ್ಟಾರ ನೋಡು. ನಮ್ಮ ಕೂಸಿಗೆ ನೀ ಮನಸಿನ್ಯಾಗ ಏನಂತ ಕರೀತಿದ್ದಿ?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ಗಂಡ ಕೂಡ!

"ವೇಣು" ಎಂದೆ. ಮಾಮಾ ಎಳ್ಳಿನ ಅಂಗೈಯನ್ನು ನನ್ನ ತಂಬಿಗೆಯ ಕಡೆ ಚಾಚಿದರು.

"ಇಂಥ ಕೂಸಿಗೆ ತರ್ಪಣ ಶಾಸ್ತ್ರದಾಗ ಇಲ್ಲಲ್ಲ, ಮಾಮಾ?" ಎಂದೆ.

"ಶಾಸ್ತ್ರ ನಾ ನೋಡ್ಕೋತೀನಿ. ನೀ ನೀರು ಹಾಕು."

ತಂಬಿಗೆ ಬಗ್ಗಿಸಿದೆ. ಈ ಮನುಷ್ಯ ನನಗೆ ಮಾಡಿದ ಉಪಕಾರವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ? ಮಂತ್ರವನ್ನು ಸದಾ ಬಾಯೊಳಗೇ ಗೊಣಗುವ ಮಾಮಾ ಅವತ್ತು ನನ್ನ ಮಗನ ಹೆಸರನ್ನು ಮೂರು ಸಲ, ಓಣಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಕೂಗಿದರು.