ಜಾಹೀರಾತಿಗೆ ನಿಂತ ಇಟಲಿ ಸ್ಕೂಟರ್

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಯಾರಾದರೂ ನಮ್ಮ ಅಂಗಳದಲ್ಲಿ ಕಾರಿನಿಂದ ಇಳಿದರೆ, ಅವರು ನನ್ನನ್ನು ನೋಡಲು ಬಂದವರಲ್ಲ ಎಂಬುದು ನನಗೀಗ ರೂಢಿಯಾಗಿದೆ. ಅವರಿಗೆ ಬೇಕಾದದ್ದು ಶೆಡ್ಡಿನಲ್ಲಿರುವ ಹಳೇ ಇಟಲಿ ಸ್ಕೂಟರ್. ಅಪ್ಪಯ್ಯನಿಗೆ ಯಲ್ಲಾಪುರದಲ್ಲಿ ಗ್ಯಾರೇಜಿತ್ತು. ಯಾರೋ ಬಿಟ್ಟುಹೋದ ಆ ತಿಳಿಹಸಿರು ಗಾಡಿಯನ್ನು ಬಿಚ್ಚಿ ಜೋಡಿಸಿ, ನನಗೆ ಓಡಿಸಲು ಕಲಿಸಿ, ಮದುವೆಯಾದಾಗ ನನ್ನ ಜೊತೆ ಶಿರಸಿಗೆ ಕಳಿಸಿದ. ಅದರ ಮೇಲೇ ಹುಲೇಕಲ್ಲಿನ ಶಾಲೆಗೆ ಪಾಠ ಮಾಡಲು ಹೋಗಿ ಬಂದು ನಿವೃತ್ತಳಾದೆ.

ಇಷ್ಟು ವರ್ಷದಲ್ಲಿ ಅತ್ತೆ ಮಾತ್ರ ಒಂದು ಸಲವೂ ನಿಂತು ನೋಡಲಿಲ್ಲ. ಹೆಂಗಸು ಮುಂದೆ ಕೂರುವ ಗಾಡಿ ಅದಲ್ಲ ಎಂಬುದು ಅವರ ತೀರ್ಮಾನ. ನಾನು ಕಿಕ್ ಹೊಡೆದರೆ ಅವರು ಒಳಗೆ. ಸೊಸೆ ಚೆನ್ನಾಗಿ ಓಡಿಸುತ್ತಾಳೆ ಎಂದು ಅವರ ಬಾಯಲ್ಲಿ ಒಮ್ಮೆ ಕೇಳಬೇಕೆಂಬ ಆಸೆ ಅರವತ್ತು ದಾಟಿದರೂ ನನ್ನನ್ನು ಬಿಟ್ಟಿರಲಿಲ್ಲ.

೧. ಮಾಲಕರು ಯಾರು?

ಮೊದಲು ಬಂದವನು ಹುಬ್ಬಳ್ಳಿ ಕಡೆಯ ಫೋಟೋಗ್ರಾಫರ್. ಸೀರೆ ಅಂಗಡಿಯೊಂದರ ಜಾಹೀರಾತಿಗೆ ಸ್ಕೂಟರ್ ಬೇಕಿತ್ತು.

“ಮಾಲಕರು ಎಲ್ಲದಾರ್ರಿ ಅಕ್ಕಾರ?”

“ನಾನೇ.”

“ಅಲ್ರೀ, ಗಾಡಿ ಓಡಸೋರು?”

“ಅದೂ ನಾನೇ.”

ಆತ ತಮಾಷೆಯೆಂದುಕೊಂಡು ನಕ್ಕ. ಸೀದಾ ಜಗಲಿಗೆ ಹೋಗಿ, ಪೇಪರ್ ಓದುತ್ತಿದ್ದ ನಮ್ಮನೆಯವರಿಗೆ ಕೈಮುಗಿದು, “ಸರ್, ಒಂದ್ ದಿವಸಕ್ಕ ಗಾಡಿ ಕೊಡ್ತೀರೇನ್ರಿ?” ಎಂದ.

ಇವರು ಪೇಪರ್ ಕೆಳಗಿಳಿಸದೆ ಹೇಳಿದರು: “ಅವಳನ್ನೇ ಕೇಳಿ. ನಾನು ಹಿಂದಿನ ಸೀಟಿನವ.”

೨. ಸ್ವಿಚ್ಚು

ಸಿದ್ದಾಪುರದಲ್ಲಿ ಹೊಸ ಹೋಟೆಲ್ಲಿನ ಜಾಹೀರಾತು. ಬಿಳಿ ಪ್ಯಾಂಟಿನ ಮಾಡೆಲ್ ಸ್ಕೂಟರ್ ಮೇಲೆ ಕೂತವನು ಹ್ಯಾಂಡಲ್ಲಿನ ಕೆಳಗೆಲ್ಲ ಕೈಯಾಡಿಸಿ ಏನನ್ನೋ ಹುಡುಕತೊಡಗಿದ. ಪಾಪ, ಈಗಿನವರು, ಸೆಲ್ಫ್ ಸ್ಟಾರ್ಟಿನ ಗುಂಡಿ ಹುಡುಕುತ್ತಿದ್ದಾನೆ ಎಂದುಕೊಂಡೆ. ಅವನನ್ನು ಇಳಿಸಿ, ಪೆಟ್ರೋಲು ಇಳಿಯಲೆಂದು ಗಾಡಿಯನ್ನು ಪಕ್ಕಕ್ಕೆ ವಾಲಿಸಿದೆ. ಹಳೇ ಸ್ಕೂಟರಿನವರೆಲ್ಲ ಮಾಡುವುದು ಅದನ್ನೇ. ಡೈರೆಕ್ಟರಿಗೆ ಅದು ಗೊತ್ತಿಲ್ಲ. “ಬಿತ್ತು! ಬಿತ್ತು!” ಎಂದು ಓಡಿಬಂದು ಇನ್ನೊಂದು ಪಕ್ಕದಿಂದ ಸ್ಕೂಟರನ್ನು ತಬ್ಬಿಕೊಂಡ. ಅವನ ಕೈ ಬಿಡಿಸಿ ಎರಡು ಕಿಕ್ ಹೊಡೆದೆ. ಗಾಡಿ ಸ್ಟಾರ್ಟಾಯಿತು, ಹೊಗೆ ಬಂತು, ಬಿಳಿ ಪ್ಯಾಂಟು ಬೂದಿ ಬಣ್ಣಕ್ಕೆ ತಿರುಗಿತು.

“ಆಫ್ ಮಾಡಿ ಮೇಡಂ! ನಮಗೆ ನಿಂತ ಗಾಡಿಯೇ ಸಾಕು.”

“ಹಾಗಾದರೆ ಇವನು ಸ್ಟಾರ್ಟ್ ಮಾಡಲು ಒದ್ದಾಡಿದ್ದು ಯಾಕೆ?”

“ಸ್ಟಾರ್ಟಿಗಲ್ಲ ಆಂಟಿ,” ಎಂದ ಮಾಡೆಲ್, “ಮೊಬೈಲ್ ಚಾರ್ಜಿಗೆ.”

೩. ಹಳೇ ರುಚಿ

ಯಲ್ಲಾಪುರದ ಒಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಹಿಂದಿನ ಸೀಟಿಗೆ ಕಟ್ಟಿ ಫೋಟೋ ತೆಗೆಸಿದರು.

“ಉಪ್ಪಿನಕಾಯಿಗೂ ಇಟಲಿಗೂ ಎಂತ ಸಂಬಂಧ?” ಎಂದೆ.

“ಸಂಬಂಧ ಎಂತೂ ಇಲ್ಲೆ ಅಕ್ಕಾ. ನೋಡ್ದವ್ಕೆ ಹಳೇ ಕಾಲ ನೆನಪಾದ್ರೆ ಸಾಕು.”

ನನಗೆ ನೆನಪಾದದ್ದು ಬೇರೆ. ಹುಲೇಕಲ್ ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಪ್ಲಗ್ಗಿಗೆ ಮರಳುಕಾಗದ ಉಜ್ಜಿದ್ದು, ಸೆರಗಿಗೆ ಮಸಿ ಮೆತ್ತಿಸಿಕೊಂಡು ತರಗತಿಗೆ ಹೋಗಿದ್ದು, ನಡುರಸ್ತೆಯಲ್ಲಿ ನಿಂತುಹೋದಾಗ ಬಂದ ಅಳು. ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಹಳೇ ಕಾಲವನ್ನು ಮಾರುವವರು ಅದರ ಕಷ್ಟವನ್ನು ಒರೆಸಿಯೇ ಮಾರುತ್ತಾರೆ. ಸಿಟ್ಟೇನೂ ಬರಲಿಲ್ಲ, ಸ್ವಲ್ಪ ಬೇಜಾರಾಯಿತು. ಹೊರಡುವಾಗ ಅವರು ಒಂದು ಬಾಟಲಿ ಕೊಟ್ಟರು. ಮನೆಗೆ ಬಂದು ಉಪ್ಪಿನಕಾಯಿ ನೆಕ್ಕಿ ನೋಡಿದ ಮೇಲೆ ಅರ್ಥವಾಯಿತು: ಅದಕ್ಕೆ ಸ್ಕೂಟರ್ ಬೇಕೇ ಬೇಕಿತ್ತು.

೪. ಕೋಟಿನವ

ಕಳೆದ ಚಳಿಗಾಲದಲ್ಲಿ ಬಂದದ್ದು ಕನ್ನಡಕದ ಅಂಗಡಿಯವರು. ಗುಡ್ನಾಪುರದ ಕೆರೆ ಏರಿಯ ಮೇಲೆ ಶೂಟಿಂಗ್. ಇವರಿಗೆ ಮಾತ್ರ ಓಡುವ ಗಾಡಿ ಬೇಕು. ಕೋಟು ತೊಟ್ಟ ಯುವಕ ಮುಂದೆ, ಹುಡುಗಿ ಹಿಂದೆ. ಕೈಯಲ್ಲಿ ತಿರುಗಿಸುವ ಗೇರು ಅವನಿಗೆ ಒಲಿಯಲಿಲ್ಲ. ಮೂರು ಸಲ ನಿಲ್ಲಿಸಿದ, ನಾಲ್ಕನೇ ಸಲ ಕೆರೆಯ ಕಡೆಗೇ ಹೊರಟ. ಹುಡುಗಿ ಹಾರಿ ಇಳಿದು, ಇವನ ಹಿಂದೆ ಇನ್ನು ಹತ್ತುವುದಿಲ್ಲ ಎಂದಳು.

ಡೈರೆಕ್ಟರ್ ನನ್ನ ಕಡೆ ನೋಡಿದ. “ಮೇಡಂ, ನೀವು ಈ ಕೋಟು, ಪ್ಯಾಂಟು ಹಾಕಿ ಓಡಿಸಿ. ಹೆಲ್ಮೆಟ್ಟು, ಕಪ್ಪು ಕನ್ನಡಕ ಇದ್ದರೆ ಯಾರು ಅಂತ ಗೊತ್ತಾಗೋದಿಲ್ಲ.”

ಓಡಿಸಿದೆ. ಒಂದೇ ಸಲಕ್ಕೆ ಸರಿಯಾಯಿತು.

ಅದಾಗಿ ಹದಿನೈದು ದಿನಕ್ಕೆ, ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದನ್ನು ಡಾಕ್ಟರಿಗೆ ತೋರಿಸಿ ಆಟೋದಲ್ಲಿ ಬರುತ್ತಿದ್ದೆವು. ಶಿರಸಿ ಪೇಟೆಯಲ್ಲಿ ಮನೆಯಷ್ಟು ಎತ್ತರಕ್ಕೆ ಅದೇ ಕನ್ನಡಕದ ಅಂಗಡಿಯ ಬೋರ್ಡು. ಅತ್ತೆ ಆಟೋ ನಿಲ್ಲಿಸಿದರು.

“ಅಲ್ನೋಡೆ ಕೂಸೆ, ಅಂವ ಎಷ್ಟ್ ಚೊಲೊ ಕೂತ್ಗಂಡು ಹೊಡೀತಾ ಇದ್ದ! ಸ್ಕೂಟರ್ ಹೇಳಿರೆ ಹಿಂಗೆ ಹೊಡೆಯವು. ನೋಡಿ ಕಲ್ತ್ಗ.”

ನನ್ನ ಕಡೆಗೇ ಬೆರಳು ತೋರಿಸಿಕೊಂಡು ಹೇಳಿದೆ: “ಅತ್ತೆ, ಅದು ಆನೇ.”

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೋರ್ಡು ನೋಡಿದರು. ಹೊರಡು ಎಂದು ಆಟೋದವನಿಗೆ ಹೇಳಿ ಮುಖ ಆಚೆ ತಿರುಗಿಸಿದರು. ಹೇಳಬಾರದಿತ್ತು, ಸಿಕ್ಕ ಹೊಗಳಿಕೆಯನ್ನೂ ಕೈಯಾರೆ ಕಳೆದುಕೊಂಡೆ ಎಂದು ರಾತ್ರಿಯೆಲ್ಲ ಸಂಕಟಪಟ್ಟೆ.

ಮರುದಿನ ಬೆಳಿಗ್ಗೆ ಪೇಟೆಗೆ ಹೊರಟು ಕಿಕ್ ಹೊಡೆದೆ. ಅತ್ತೆ ಒಳಗೆ ಹೋಗಲಿಲ್ಲ. ಕೋಲೂರಿಕೊಂಡು ಜಗಲಿಯ ತುದಿಗೆ ಬಂದು, ಕಂಬ ಹಿಡಿದು ನಿಂತರು. ನಾನು ಗೇರು ಹಾಕುವುದನ್ನೇ ನೋಡುತ್ತಿದ್ದು, ಗಾಡಿ ಅಂಗಳದಂಚಿನ ದಣಪೆ ದಾಟುವಾಗ ಕೂಗಿದರು:

“ಬೆನ್ನು ಬಗ್ಸಡ! ಬೋರ್ಡಲ್ಲಿ ಇದ್ದಂಗೆ ನೆಟ್ಟಗೆ ಕೂತ್ಗ!”