ದಿನಕ್ಕೊಂದು ಮಗ್ ನೀರು ಕುಡಿದ ಕಳ್ಳಿಯ ಪರವಾಗಿ

ಕಟ್ಟಡದ ನಿವಾಸಿಗಳ ಸಂಘದ ಮಾನ್ಯ ಅಧ್ಯಕ್ಷರೇ,

ತಾವು ನನ್ನ ಕಳ್ಳಿ ಗಿಡಕ್ಕೆ ನಲವತ್ತು ದಿನ ಬಿಡದೆ ನೀರು ಹಾಕಿಸಿ ಅದರ ಬುಡವನ್ನು ಕೊಳೆಸಿದ್ದೀರಿ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕ ಮರ್ಯಾದೆಗಳನ್ನು ಸಾವಕಾಶವಾಗಿ ಸಲ್ಲಿಸಬಹುದು. ತಮಗೂ, ತಮ್ಮ ಮನೆಯವರಿಗೂ, ಮಂಡಿನೋವೊಂದನ್ನು ಬಿಟ್ಟು ಎಲ್ಲದರಲ್ಲೂ ಗಟ್ಟಿಯಾಗಿರುವ ತಮ್ಮ ತಾಯಿಯವರಿಗೂ ನನ್ನ ನಮಸ್ಕಾರಗಳು. ಪತ್ರವನ್ನು ತಮ್ಮ ಬಾಗಿಲಡಿ ತೂರಿಸದೆ ಕೆಳಗಿನ ಸೂಚನಾ ಫಲಕಕ್ಕೆ ಅಂಟಿಸಿರುವುದಕ್ಕೆ ಕಾರಣ, ನೀರು ಹಾಕಿದ ಪುಣ್ಯದಲ್ಲಿ ಇಡೀ ಕಟ್ಟಡಕ್ಕೆ ಪಾಲಿರುವುದು.

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕಂಬದ ಹಾಗೆ ನೆಟ್ಟಗೆ, ನನಗಿಂತ ಒಂದು ಗೇಣು ಎತ್ತರ ನಿಂತಿರುವುದೇ ಆ ಗಿಡ. ಬಟ್ಟೆ ಹೊಲಿಯುವ ನನ್ನ ಸೋದರತ್ತೆ ಒಂಬತ್ತು ವರ್ಷದ ಹಿಂದೆ ಮೊಳದುದ್ದದ ತುಂಡನ್ನು ಹಳೇ ಅಸ್ತರಿನ ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಡು, ಮಿಕ್ಕ ದಿನ ಅದರ ತಂಟೆಗೆ ಹೋಗ್ಬೇಡ ಕಣೇ" ಎಂದಿದ್ದರು. ನನ್ನ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುವುದರಿಂದ, ಬಿಸಿಲಿಗಾಗಿ ಅದನ್ನು ಮೆಟ್ಟಿಲ ದೊಡ್ಡ ಕಿಟಕಿಯ ಬಳಿ ಇಟ್ಟೆ. ಮೆಟ್ಟಿಲಲ್ಲಿರುವ ಗಿಡವೆಲ್ಲ ಎಲ್ಲರದು ಎಂದು ತಾವು ಘೋಷಿಸಿದಾಗ, ಖಾಸಗಿ ಒಡೆತನವನ್ನು ಹಗಲೂ ರಾತ್ರಿ ಖಂಡಿಸುವ ನಾನು ಯಾವ ಬಾಯಿಂದ ತಕರಾರು ತೆಗೆಯಲಿ?

ತಪ್ಪಿನ ಆರಂಭ ನನ್ನದೇ ಎಂಬುದನ್ನು ಮುಚ್ಚಿಡುವುದಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವವಳಾದ ನಾನು ಆ ವಾರ ಸಮಾನತೆಯ ಮೇಲಿನ ಮೂರು ಕರಪತ್ರಗಳನ್ನು ತಿದ್ದಿದ್ದೆ. ಅದೇ ಬಿಸಿಯಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಮೊದಲ ಮಹಡಿಯ ದಂತವೈದ್ಯರ ಗುಲಾಬಿಗೆ ಎರಡೆರಡು ಬಕೆಟ್ ಹೋಗುವಾಗ ಉಳಿದ ಕುಂಡಗಳು ಧೂಳು ತಿನ್ನುವುದು ಅನ್ಯಾಯ, ಪ್ರತಿ ಗಿಡಕ್ಕೂ ಸಮಪಾಲು ನೀರು ಸಿಗಲೇಬೇಕು ಎಂದು ಗುಡುಗಿದೆ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದ ತಾವು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅದನ್ನು ಬರೆದುಕೊಂಡಿರಿ. ಮಾರನೆಯ ದಿನವೇ ಆದೇಶ ಹೊರಟಿತು: ಬೆಳಿಗ್ಗೆ ಏಳಕ್ಕೆ, ಸರದಿಯ ಮೇಲೆ, ಕುಂಡಕ್ಕೊಂದು ಮಗ್. ನಾನು ಚಪ್ಪಾಳೆ ತಟ್ಟಿ, ಪಠ್ಯಪುಸ್ತಕದ ಕೆಲಸಕ್ಕೆಂದು ಬೇರೆ ಊರಿಗೆ ಹೊರಟುಹೋದೆ.

ಮಾನ್ಯರೇ, ಭಾಷಣವೊಂದು ಇಷ್ಟು ನಿಷ್ಠೆಯಿಂದ ಜಾರಿಗೆ ಬಂದದ್ದನ್ನು ಆ ಕರಪತ್ರ ಬರೆದವರೂ ಕಂಡಿರಲಿಕ್ಕಿಲ್ಲ. ಒಂದೇ ಒಂದು ದಿನ ತಪ್ಪಿಲ್ಲ. ಮಳೆ ಬಂದ ದಿನವೂ ತಪ್ಪಿಲ್ಲ. ಹಿಂತಿರುಗಿದಾಗ ಗಿಡ ಕುಡಿದವರ ಹಾಗೆ ಗೋಡೆಗೆ ಒರಗಿತ್ತು. ಬುಡ ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮಾಗಿದ ಹಣ್ಣಿನಂತೆ ಬೆರಳು ಒಳಗೆ ಇಳಿಯುತ್ತಿತ್ತು. ಕೆಳಮನೆಯ ಅಜ್ಜಿ ಕಕ್ಕುಲಾತಿಯಿಂದ, "ಬಾಡ್ತಾ ಇದೆ ಅಂತ ನಾನೇ ಇನ್ನೊಂದು ಮಗ್ ಜಾಸ್ತಿ ಹಾಕ್ದೆ ಕಣಮ್ಮಾ" ಎಂದರು. ತಾವಂತೂ ಕನ್ನಡಕ ಸರಿಮಾಡಿಕೊಂಡು, "ನೀನೇ ಹೇಳಿದ್ದಲ್ವೇನಮ್ಮಾ?" ಎಂದಿರಿ. ಕೋಣೆಗೆ ಹೋಗಿ ಆ ಕರಪತ್ರಗಳನ್ನು ಮತ್ತೆ ತೆಗೆದು ಓದಿದೆ. ಪ್ರತಿಯೊಬ್ಬರಿಗೂ ಅವರವರಿಗೆ ಬೇಕಾದಷ್ಟು ಎಂಬ ಸಾಲು ಕರಪತ್ರದಲ್ಲೇ ಇತ್ತು. ಅಲ್ಪವಿರಾಮ ಹುಡುಕುವ ಭರದಲ್ಲಿ ನಾನು ಅರ್ಥ ನೋಡಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ತುರ್ತು ಸಭೆ ಕರೆದು ನಲವತ್ತು ದಿನದ ನೀರನ್ನು ಪೂರ್ವಾನ್ವಯವಾಗುವಂತೆ ಮಣ್ಣಿನಿಂದ ವಾಪಸು ಪಡೆಯುವ ನಿರ್ಣಯ ಮಾಡಬೇಕು. ನಮ್ಮನ್ನು ಕೇಳದೆ ಕೊಳೆತ ಬೇರುಗಳಿಂದ ವಿವರಣೆ ಕೇಳಬೇಕು. ಸೂರ್ಯನಿಗೂ ಒಂದು ಸರದಿ ಹಾಕಿ ನನ್ನ ಕಿಟಕಿಗೆ ದಿನಕ್ಕೆರಡು ಗಂಟೆ ಕಳಿಸಬೇಕು. ಇವು ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವಾದರೆ, ಬರುವಂಥದ್ದೊಂದಿದೆ. ಗಿಡದ ಮೇಲ್ಭಾಗ ಇನ್ನೂ ಹಸಿರಾಗಿದೆ, ಆದರೆ ಕೊಳೆ ದಿನಕ್ಕೊಂದು ಬೆರಳಿನಷ್ಟು ಮೇಲೇರುತ್ತಿದೆ. ಇನ್ನೊಂದು ವಾರ ಬಿಟ್ಟರೆ ಉಳಿಸಲು ಏನೂ ಇರುವುದಿಲ್ಲ. ಕೊಳೆತ ಕಲೆ ಒಂದಿಷ್ಟೂ ಕಾಣದ ಕಡೆ ಕತ್ತರಿಸಿ, ಗಾಯ ಒಣಗಲು ಮೂರು ವಾರ ನೆರಳಲ್ಲಿ ಗಾಳಿಗೆ ಮಲಗಿಸಿ, ಆಮೇಲೆ ಮರಳು ಬೆರೆಸಿದ ಮಣ್ಣಿಗೆ ನೆಡಬೇಕು. ಗಾಳಿಯಾಡುವ ಬಾಲ್ಕನಿ ಇರುವುದು ತಮ್ಮ ಮನೆಗೆ ಮಾತ್ರ. ಕತ್ತರಿಸುವಾಗ ಗಿಡವನ್ನು ತಬ್ಬಿ ಹಿಡಿಯಲು ಒಬ್ಬರು ಬೇಕು. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುವವರನ್ನು ತಮ್ಮ ಹೊರತು ಈ ಕಟ್ಟಡದಲ್ಲಿ ನಾನು ಕಾಣೆ. ಈ ಬಾರಿ ಸರಿಯಾಗಿ ಹೇಳುತ್ತೇನೆ.

ಇಂತಿ, ತಪ್ಪಿನಲ್ಲಿ ಸಮಪಾಲು ಹೊತ್ತ
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಕರಡು ತಿದ್ದುವವಳು

ಮರೆತ ಮಾತು: ದಪ್ಪ ಕೈಗವಸು ಇರುವುದು ಒಂದೇ ಜೊತೆ. ಅದರಲ್ಲಿ ಸಮಾನತೆ ಸಾಧ್ಯವಿಲ್ಲದ ಕಾರಣ ಮೊದಲು ಬಂದವರಿಗೆ ಕೈಗವಸು, ಆಮೇಲೆ ಬಂದವರಿಗೆ ಹಳೇ ಪೇಪರ್ರು, ಮುಳ್ಳು ಮಾತ್ರ ಇಬ್ಬರಿಗೂ. ಈ ಭಾನುವಾರ, ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ, ಮೆಟ್ಟಿಲ ತಿರುವಿನಲ್ಲಿ.