ಮೊಮ್ಮಗಳ ಪರೀಕ್ಷೆಗೆ ನಾನು ರೋಗಿಯಾದದ್ದು

ಮಲಗಿಕೊಂಡಿರುವುದು ಒಂದು ಕೆಲಸವೇ ಅಲ್ಲ ಎಂದು ನಾನೂ ನಂಬಿದ್ದೆ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಜೀವಮಾನವೆಲ್ಲ ನಿಂತೇ ಚಹಾ ಹಂಚಿದವನಿಗೆ ಹಾಗನ್ನಿಸುವುದು ಸಹಜ. ಈಗ ತಿಳಿದಿದೆ: ಸುಮ್ಮನೆ ಮಲಗುವುದು ಬೇರೆ, ಪರೀಕ್ಷೆಗೆ ಮಲಗುವುದು ಬೇರೆ. ಪರೀಕ್ಷೆಗೆ ಮಲಗಿದಾಗ ಅರ್ಧ ಮೈ ಸತ್ತಂತಿರಬೇಕು, ಉಳಿದರ್ಧ ಬದುಕಿರಬೇಕು, ಯಾವ ಅರ್ಧ ಯಾವುದೆಂದು ಗಳಿಗೆಗಳಿಗೆಗೂ ನೆನಪಿರಬೇಕು. ನಾನು ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ. ಅಲ್ಲಿ ಇಷ್ಟು ಕಷ್ಟದ ಪಾಠ ಒಂದೂ ಇರಲಿಲ್ಲ. ಹೀಗೆ ಶುರು ಮಾಡಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ, ಗೊತ್ತು. ಮೊಮ್ಮಗಳ ಸುದ್ದಿ ಬಂದರೆ ಸಾಕು, ನನಗೆ ಬಾಲ ಮೊದಲು ಬಾಯಿಗೆ ಬರುತ್ತದೆ, ತಲೆ ಆಮೇಲೆ. ಇರಲಿ, ಮೊದಲಿಂದ ಹೇಳುತ್ತೇನೆ.

ನಮ್ಮದು ರಾಯಚೂರು ಕಡೆಯ ಹಳ್ಳಿ. ಕ್ಯಾಂಟೀನಿನ ನೌಕರಿ ಹತ್ತಿ ಹೈದರಾಬಾದಿಗೆ ಬಂದೆ, ಲಿಂಗಂಪಲ್ಲಿಯಲ್ಲಿ ಮನೆ ಮಾಡಿದೆ, ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ. ಮೂರರಲ್ಲೂ ನಾನು ಒಂದೇ ನಮೂನೆಯ ತಪ್ಪು ಮಾಡುತ್ತೇನೆ ಎನ್ನುವುದು ಮೊಮ್ಮಗಳು ರೇಣುಕಾಳ ಅಭಿಪ್ರಾಯ. ಅವಳು ನನ್ನ ಮಗ ಬಸವರಾಜನ ಮಗಳು. ಡಿಗ್ರಿ ಮುಗಿಸಿದವಳು ಸುಲ್ತಾನ್ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಬಂದವರಿಗೆ ಸೀರೆ ಬಿಚ್ಚಿ ತೋರಿಸುವುದು, ಅವರು ಬೇಡವೆಂದು ಹೋದ ಮೇಲೆ ಮಡಿಸಿ ಇಡುವುದು. ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಅಂಗಡಿ ಹಾಗೇ ಇರುತ್ತದೆ ಅಜ್ಜಾ, ಹಾಗಿದ್ದರೆ ನಾನು ದಿನವೆಲ್ಲ ಮಾಡಿದ್ದೇನು ಎಂದು ಒಮ್ಮೆ ಕೇಳಿದಳು. ನಾನೂ ತುಂಬಿದ ಲೋಟ ಕೊಟ್ಟು ಖಾಲಿ ಲೋಟ ತಂದವನೇ. ಆದರೆ ನನಗೆ ಆ ಪ್ರಶ್ನೆ ಕೇಳಿಕೊಳ್ಳುವಷ್ಟು ಓದು ಇರಲಿಲ್ಲ, ಹೀಗಾಗಿ ಆರಾಮಾಗಿದ್ದೆ.

ರೇಣು ಆರಾಮಾಗಿ ಇರುವವಳಲ್ಲ. ಅಂಗಡಿ ಮುಗಿಸಿ ಬಂದು ಸಂಜೆ ಏನಾದರೊಂದು ಕಲಿಯಲು ಹೋಗುತ್ತಿದ್ದಳು. ಅವಳು ಕಲಿತದ್ದೆಲ್ಲ ಮೊದಲು ನನ್ನ ಮೇಲೆ ಬರುತ್ತಿತ್ತು. ಮನೆಯಲ್ಲಿ ಕೂತಲ್ಲೇ ಕೂತಿರುವ ಆಸಾಮಿ ನಾನೊಬ್ಬನೇ ಅಲ್ಲವೇ? ಬ್ಯೂಟಿ ಪಾರ್ಲರಿನ ಕೋರ್ಸಿಗೆ ಸೇರಿದಾಗ ದಾರ ಹಿಡಿದು ನನ್ನ ಹುಬ್ಬು ತಿದ್ದಿದಳು. ಅವು ಎಷ್ಟು ಮೇಲಕ್ಕೆ ಹೋದವೆಂದರೆ ಯಾರು ಏನೇ ಹೇಳಲಿ, ನಾನು ಬೆಚ್ಚಿಬಿದ್ದವನ ಹಾಗೆ ಕಾಣುತ್ತಿದ್ದೆ. ಗುಡಿಯಲ್ಲಿ ಗೆಳೆಯನೊಬ್ಬ ತನ್ನ ಸಕ್ಕರೆ ಕಾಯಿಲೆಯ ಸುದ್ದಿ ಹೇಳುತ್ತ ನನ್ನ ಮುಖ ನೋಡಿ ಗಾಬರಿಯಾಗಿ, ಮರುದಿನವೇ ಬೇರೆ ಡಾಕ್ಟರ ಹತ್ತಿರ ಹೋದ. ಆಮೇಲೆ ಇಂಗ್ಲಿಷ್ ಮಾತಾಡುವ ಕೋರ್ಸು. ಮನೆಯಲ್ಲಿ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿ ರೂಢಿ ಮಾಡಿಕೊಳ್ಳುತ್ತಿದ್ದಳು. ನಾನು ಮರ್ಯಾದೆಗೆ ಎಲ್ಲದಕ್ಕೂ ಎಸ್ ಎಸ್ ಎನ್ನುತ್ತಿದ್ದೆ. ಒಂದು ದಿನ ಹಾಗಂದು ಮಧ್ಯಾಹ್ನದ ಊಟ ಕಳೆದುಕೊಂಡೆ. ಊಟವಾಯಿತೇ ಎಂದು ಕೇಳಿದ್ದಳಂತೆ. ಪಾರ್ಲರೂ ಅವಳಿಗೆ ಹಿಡಿಸಲಿಲ್ಲ, ಇಂಗ್ಲಿಷಿನಿಂದ ಕೆಲಸವೂ ಸಿಗಲಿಲ್ಲ. ಆದರೂ ಕಲಿಯುವುದು ಮಾತ್ರ ಬಿಡಲಿಲ್ಲ.

ಕೊನೆಗೆ ಅವಳ ದಾರಿ ಅವಳಿಗೆ ಸಿಕ್ಕಿದ್ದು ನನ್ನ ಹೆಂಡತಿಯ ಮೊಣಕಾಲಿನಲ್ಲಿ. ನಮ್ಮ ಮನೆಯಾಕೆ ಶಾಂತಮ್ಮನಿಗೆ ಮೊಣಕಾಲಿನ ಆಪರೇಶನ್ ಆಯಿತು. ಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋಥೆರಪಿ ಹುಡುಗಿ ಮನೆಗೆ ಬರುತ್ತಿದ್ದಳು. ರೇಣು ಪಕ್ಕದಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಕಾಲು ಇಷ್ಟೇ ಏಕೆ ಎತ್ತಬೇಕು, ಇನ್ನೂ ಏಕೆ ಎತ್ತಬಾರದು ಎಂದು ಆ ಹುಡುಗಿಯ ತಲೆ ತಿನ್ನುತ್ತಿದ್ದಳು. ಆಕೆ ಬಾರದ ದಿನ ತಾನೇ ಮಾಡಿಸುತ್ತಿದ್ದಳು. ಬಂದ ಹುಡುಗಿಯನ್ನು ನೋವಿಗೆ ಬೈಯುತ್ತಿದ್ದ ಶಾಂತಮ್ಮ ಮೊಮ್ಮಗಳನ್ನೂ ಬೈದಳು, ಆದರೆ ಹೇಳಿದಂತೆ ಕಾಲು ಎತ್ತಿದಳು. ಅವಳು ಕೋಲು ಬಿಟ್ಟು ಒಲೆಯ ಮುಂದೆ ನಿಂತು ಮತ್ತೆ ಜೋಳದ ರೊಟ್ಟಿ ಬಡಿದ ದಿನ ರೇಣು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ನೋಡಿದಳು, ಊಟಕ್ಕೆ ಕರೆದರೂ ಅಲ್ಲಿಂದ ಕದಲಲಿಲ್ಲ. ಬೆಳಿಗ್ಗೆ ಇದ್ದಂತೆ ಸಂಜೆ ಇಲ್ಲದ ಒಂದು ಕೆಲಸ ಅವಳ ಕಣ್ಣಿಗೆ ಬಿದ್ದಿತ್ತು.

ರೋಗಿಗಳ ಆರೈಕೆ ಕಲಿಸುವ ಒಂದು ಸಂಸ್ಥೆ ಇತ್ತು. ಅದಕ್ಕೆ ಪೂರ್ತಿ ದಿನ ಹೋಗಬೇಕು, ಅಂದರೆ ಅಂಗಡಿ ಬಿಡಬೇಕು. ಬಸವರಾಜ ಕೆಟ್ಟವನಲ್ಲ, ಮಗಳು ಒಂದು ಕಡೆ ನಿಲ್ಲಲಿ ಎಂಬುದು ಅವನ ಆಸೆ. ಕೊನೆಗೆ ಹೇಳಿದ: "ಆತು, ಹೋಗು ರೇಣು. ಆದ್ರ ಇದು ಕಡೇದು. ಇದರಾಗ ಪಾಸ್ ಆಗ್ಲಿಲ್ಲಂದ್ರ ಮತ್ತ ಅಂಗಡಿಗೆ ಹೋಗ್ಬೇಕು, ಇನ್ನೊಂದು ಕಲೀತೀನಿ ಅನ್ನಂಗಿಲ್ಲ." ಅವಳು ಒಪ್ಪಿದಳು. ಅಂಗಡಿಯ ಮಾಲೀಕರೂ ಒಳ್ಳೆಯವರು, ಬಂದರೆ ಜಾಗ ಇದೆ ಎಂದಿದ್ದರು. ಆ ಒಳ್ಳೆಯತನವೇ ನಮ್ಮ ತಲೆಯ ಮೇಲೆ ತೂಗುತ್ತಿತ್ತು.

ಕೋರ್ಸಿನ ಕೊನೆಗೆ ಪರೀಕ್ಷೆ. ಬರೆಯುವುದು ಕಡಿಮೆ, ಮಾಡಿ ತೋರಿಸುವುದು ಹೆಚ್ಚು. ಪ್ರತಿಯೊಬ್ಬರೂ ಮನೆಯಿಂದ ಒಬ್ಬ ಹಿರಿಯರನ್ನು ಕರೆತರಬೇಕು, ಆ ಹಿರಿಯರು ರೋಗಿಯಂತೆ ಇರಬೇಕು. ರೇಣುವಿನ ಪಾಲಿಗೆ ಬಂದದ್ದು ಎಡಗಡೆಗೆ ಲಕ್ವಾ ಹೊಡೆದ ರೋಗಿ. ರೋಗಿ ಯಾರು ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ.

ದಿನಾಲೂ ಅಭ್ಯಾಸ ಶುರುವಾಯಿತು. ಅವಳು ನನ್ನನ್ನು ಮಗ್ಗುಲಿಗೆ ಹೊರಳಿಸಬೇಕು, ಎಬ್ಬಿಸಿ ಕೂಡಿಸಬೇಕು, ಮಂಚದಿಂದ ಕುರ್ಚಿಗೆ ತರಬೇಕು, ಚಮಚದಲ್ಲಿ ಗಂಜಿ ಕುಡಿಸಬೇಕು. ನಾನು ಎಡಗೈ ಎಡಗಾಲು ಅಲುಗಿಸಬಾರದು, ಬಾಯಿ ಒಂದು ಕಡೆ ಜೋತಿರಬೇಕು. ನಾನು ಈ ಕೆಲಸವನ್ನು ಎಷ್ಟು ನಿಷ್ಠೆಯಿಂದ ಹಿಡಿದೆನೆಂದರೆ ಹಾಲಿನ ಬೂತಿಗೆ ಹೋದಾಗಲೂ ಎಡಗಾಲು ಎಳೆದುಕೊಂಡೇ ನಡೆಯುತ್ತಿದ್ದೆ. ರೋಗಿಗೆ ಬಹುವಚನ ಹಚ್ಚಬೇಕೆಂದು ಅವಳಿಗೆ ಕಲಿಸಿದ್ದರಂತೆ. ಹುಟ್ಟಿದಾಗಿನಿಂದ "ಅಜ್ಜಾ, ನೀ ಸುಮ್ನಿರು" ಎನ್ನುತ್ತಿದ್ದವಳು "ಅಜ್ಜಾರ, ಸ್ವಲ್ಪ ಬಲಕ್ಕ ಹೊರಳ್ರಿ" ಎಂದಾಗ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಎಡಕ್ಕೇ ಹೊರಳಿದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ತೆಲುಗು ಹೆಣ್ಣುಮಗಳು ಕರಿಬೇವು ಕೇಳಲು ಬಂದಳು. ಬಾಗಿಲು ತೆರೆದಿತ್ತು. ಒಳಗೆ ನಾನು ಬಾಯಿ ಜೋತು ಹಾಕಿ ಕೂತಿದ್ದೇನೆ, ಮೊಮ್ಮಗಳು ಗಂಜಿ ಕುಡಿಸಿ ಗಲ್ಲ ಒರೆಸುತ್ತಿದ್ದಾಳೆ. ಆಕೆ ಕರಿಬೇವು ಕೇಳದೆ ಹಾಗೇ ಹೋದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ: ಪಾಪ, ಅಜ್ಜನಿಗೆ ಲಕ್ವಾ ಹೊಡೆದಿದೆ. ಎಳನೀರು ಬಂತು, ಮೋಸಂಬಿ ಬಂತು, ಊರಿನಿಂದ ತಮ್ಮನ ಫೋನು ಬಂತು. ಬಂದವರಿಗೆಲ್ಲ ಶಾಂತಮ್ಮ ನಿಜ ಹೇಳಿದಳು. ನಾನು ಎದ್ದು ನಿಂತು ಎರಡೂ ಕೈ ಎತ್ತಿ ತೋರಿಸಿದೆ. ಆದರೂ ಮೋಸಂಬಿ ಯಾರೂ ವಾಪಸ್ ಒಯ್ಯಲಿಲ್ಲ. ಒಬ್ಬರು ಮಾತ್ರ, ಇಷ್ಟು ಬೇಗ ಗುಣವಾಯಿತಲ್ಲ, ಯಾವ ಔಷಧ ತಗೊಂಡಿರಿ ಎಂದು ಗುಟ್ಟಾಗಿ ಕೇಳಿ ಹೋದರು.

ಪರೀಕ್ಷೆಯ ದಿನ ಬಂತು. ಉದ್ದ ಕೋಣೆ, ಸಾಲು ಮಂಚ, ಮಂಚಕ್ಕೊಬ್ಬರು ಅಜ್ಜನೋ ಅಜ್ಜಿಯೋ. ನನ್ನ ಪಕ್ಕದ ಮಂಚದ ಅಜ್ಜ ರೋಗಿಯಂತೆ ಕಣ್ಣು ಮುಚ್ಚಿಕೊಳ್ಳಲು ಹೋಗಿ ನಿಜವಾಗಿಯೇ ನಿದ್ದೆ ಹೋಗಿದ್ದ. ನಾನು ಹಾಗಲ್ಲ. ಎಡಗಡೆ ಎಡಗಡೆ ಎಂದು ಒಳಗೊಳಗೇ ಜಪ ಮಾಡುತ್ತಿದ್ದೆ. ರೇಣು ನನ್ನನ್ನು ಹೊರಳಿಸಿದ್ದಾಯಿತು, ಎಬ್ಬಿಸಿ ಮಂಚದ ಅಂಚಿಗೆ ಕೂಡಿಸಿದ್ದಾಯಿತು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಆಗ ಪರೀಕ್ಷೆ ಮಾಡುವ ಮೇಡಂ ನಮ್ಮ ಮಂಚದ ಹತ್ತಿರ ಬಂದರು. ತಲೆ ನೆರೆತ, ಕನ್ನಡಕದ ಹೆಣ್ಣುಮಗಳು. ಬಂದು ನಿಂತರು. ನಿಂತೇ ಇದ್ದರು.

ಇಲ್ಲಿ ನನ್ನ ಕಷ್ಟ ನೀವು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಕಡೆ ಬಂದವರಿಗೆ ಮೊದಲು ಕೂಡಲು ಹೇಳಿ, ಒಂದು ತಂಬಿಗೆ ನೀರು ಕೊಟ್ಟ ಮೇಲೇ ಬಂದ ಕಾರಣ ಕೇಳುವುದು. ಅದರ ಮೇಲೆ ಕ್ಯಾಂಟೀನಿನ ನೌಕರಿ. ಸಾಹೇಬರು ಒಳಗೆ ಕಾಲಿಟ್ಟರೆ ನನ್ನ ಕೈ ನನಗಿಂತ ಮೊದಲು ಏಳುತ್ತಿತ್ತು. ಅಷ್ಟು ವಯಸ್ಸಾದ, ಅಷ್ಟು ಓದಿದ ಹೆಣ್ಣುಮಗಳು ನನ್ನೆದುರು ನಿಂತಿದ್ದಾರೆ, ನಾನು ಕೂತಿದ್ದೇನೆ. ಲಕ್ವಾ ಎಲ್ಲಿ ಹೋಯಿತೋ ಗೊತ್ತಿಲ್ಲ. ಸರಕ್ಕನೆ ಎದ್ದು ನಿಂತೆ, ಮಂಚದ ಪಕ್ಕದ ಸ್ಟೂಲು ಎಳೆದೆ, ಜೋತುಬಿದ್ದ ಬಾಯಿ ನೆಟ್ಟಗೆ ಮಾಡಿಕೊಂಡು ಅಂದೆ: "ಬರ್ರಿ ಮೇಡಮ್ಮಾರ, ಕೂಡ್ರಿ. ನೀರು ತರ್ಲೇನ್ರಿ?"

ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು. ಸ್ಟೂಲು ಹಿಡಿದದ್ದು ಎಡಗೈ ಎಂದು ನನಗೆ ಗೊತ್ತಾದದ್ದು ಆಗ. ರೇಣುವಿನ ಮುಖ ಬಿಳಿಚಿಕೊಂಡಿತು. ಸುಲ್ತಾನ್ ಬಜಾರಿನ ಸೀರೆಗಳೆಲ್ಲ ಒಮ್ಮೆಲೇ ನನ್ನ ಕಣ್ಣಮುಂದೆ ಬಿಚ್ಚಿಕೊಂಡವು. ಮಗುವಿನ ಕಡೆಯ ಪರೀಕ್ಷೆಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿಬಿಟ್ಟಿದ್ದೆ.

ಅಷ್ಟರಲ್ಲಿ ನನ್ನ ಸೊಂಟದ ಸುತ್ತ ಒಂದು ಕೈ ಬಂತು. ರೇಣು ನನ್ನ ಎಡಗಡೆಗೆ ಬಂದು ನಿಂತಿದ್ದಳು. ದನಿಯಲ್ಲಿ ಸಿಟ್ಟಿಲ್ಲ, ಅವಸರವಿಲ್ಲ.

"ಅಜ್ಜಾರ, ಮೇಡಂ ಕೂಡ್ತಾರ್ರಿ. ನಿಮ್ಮ ಎಡಗಾಲಿಗೆ ಇನ್ನಾ ಬಲ ಬಂದಿಲ್ಲ, ಮರ್ತೀರಿ ನೀವು. ನನ್ನ ಹೆಗಲ ಮ್ಯಾಲೆ ಭಾರ ಹಾಕ್ರಿ. ನಾ ಹಿಡ್ದೀನಿ, ನಿಧಾನಕ ಕೂಡ್ರಿ."

ನಾನು ಭಾರ ಹಾಕಿದೆ. ಬಾಯಿಯನ್ನೂ ಮತ್ತೆ ಜೋತು ಹಾಕಿಕೊಂಡೆ. ಅವಳು ನನ್ನನ್ನು ಕೂಡಿಸಿ, ಕಾಲು ಎತ್ತಿ ಮಂಚದ ಮೇಲಿಟ್ಟು, ದಿಂಬು ಸರಿ ಮಾಡಿದಳು. ರೋಗಿಗೆ ಹೀಗೆ ಏಳಲು ಹೇಳಿಕೊಟ್ಟವರು ಯಾರು ಎಂದು ಮೇಡಂ ತೆಲುಗಿನಲ್ಲಿ ಕೇಳಿದರು. ಯಾರೂ ಹೇಳಿಕೊಟ್ಟಿಲ್ಲ, ಅಜ್ಜ ಮರೆತು ಎದ್ದರು ಎಂದು ರೇಣು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಇನ್ನೂ ಹೇಳಿದಳು. ತನ್ನ ಅಜ್ಜಿಯೂ ಹೀಗೇ, ಯಾರಾದರೂ ಬಾಗಿಲಿಗೆ ಬಂದರೆ ಕೋಲು ಬಿಟ್ಟು ಏಳುತ್ತಿದ್ದಳಂತೆ. ಮೈಗೆ ಬಲವಿಲ್ಲದಿದ್ದರೂ ರೂಢಿಗೆ ಬಲವಿರುತ್ತದೆ, ಹಾಗೆ ಏಳುವಾಗಲೇ ಇಂಥವರು ಬೀಳುವುದು. ಅದಕ್ಕೇ ನೋಡಿಕೊಳ್ಳುವವರು ಸೋತ ಮಗ್ಗುಲಲ್ಲೇ ನಿಲ್ಲಬೇಕು, ಬಂದವರಿಗೆ ಕುರ್ಚಿಯನ್ನೂ ನೀರನ್ನೂ ಮೊದಲೇ ಇಟ್ಟಿರಬೇಕು. ತಾನು ಇಟ್ಟಿರಲಿಲ್ಲ, ಅದು ತನ್ನ ತಪ್ಪು ಎಂದಳು. ಮೇಡಂ ನಾನು ಎಳೆದ ಸ್ಟೂಲಿನ ಮೇಲೆ ಕೂತರು. ನೀರು ಬೇಡ ದಾದಾ, ಅಂದರೆ ಅಜ್ಜಾ, ಮಲಗಿ ಎಂದು ಹಿಂದಿಯಲ್ಲಿ ನನಗೆ ಹೇಳಿದರು. ಆಮೇಲೆ, ಆ ಕಡೆಯವರು ಏನು ಮಾಡುತ್ತಾರೆ ನೋಡೋಣ ಎಂದು, ಪಕ್ಕದ ಮಂಚದ ಅಜ್ಜನಿಗೂ ಹಾಗೇ ಇದ್ದಕ್ಕಿದ್ದಂತೆ ಎದ್ದು ನಿಲ್ಲಲು ಸನ್ನೆ ಮಾಡಿದರು. ಆತನಿಗೆ ಎಚ್ಚರವೇ ಆಗಲಿಲ್ಲ.

ರೇಣು ಪಾಸಾದಳು. ಪಾಸಾದಳು ಎಂದು ಇಷ್ಟು ಸಣ್ಣದಾಗಿ ಬರೆಯಲು ಕೈ ಬರುವುದಿಲ್ಲ, ಆದರೆ ದೊಡ್ಡದಾಗಿ ಬರೆಯುವ ವಿದ್ಯೆ ನನಗಿಲ್ಲ. ಗಚ್ಚಿಬೌಲಿಯಲ್ಲಿ, ಲಕ್ವಾ ಹೊಡೆದವರನ್ನೂ ಬಿದ್ದು ಮೂಳೆ ಮುರಿದುಕೊಂಡವರನ್ನೂ ಇಟ್ಟುಕೊಂಡು ನಡೆದಾಡಲು ಕಲಿಸುವ ಒಂದು ಕಡೆ ಅವಳಿಗೆ ಕೆಲಸ ಸಿಕ್ಕಿದೆ. ಮೊದಲ ದಿನ ಅವಳ ಸಮವಸ್ತ್ರಕ್ಕೆ ಬಸವರಾಜ ತಾನೇ ಇಸ್ತ್ರಿ ಮಾಡಿಕೊಟ್ಟ. ಸಂಜೆ ಬಂದವಳು ನಿಂತಲ್ಲೇ ಸುದ್ದಿ ಹೇಳುತ್ತಾಳೆ: ಇವತ್ತು ಒಬ್ಬರು ತಾವೇ ಅಂಗಿಯ ಗುಂಡಿ ಹಾಕಿಕೊಂಡರಂತೆ, ಇನ್ನೊಬ್ಬರು ಬಾಗಿಲವರೆಗೆ ನಡೆದರಂತೆ. ನಾನು, ಶಾಂತಮ್ಮ, ಬಸವರಾಜ ಮೂವರೂ ಬಾಯಿ ತೆರೆದು ಕೇಳುತ್ತೇವೆ, ಆ ಗುಂಡಿ ನಮ್ಮದೇ ಅಂಗಿಯದು ಎಂಬಂತೆ. ಇಷ್ಟಕ್ಕೇ ಮುಗಿಯಲಿಲ್ಲ. ಫಿಸಿಯೋಥೆರಪಿಯನ್ನೇ ಸರಿಯಾಗಿ ಓದಬೇಕೆಂದು ಈಗಲೇ ಪುಸ್ತಕ ಹಿಡಿದಿದ್ದಾಳೆ. ಗೋಡೆಗೆ ಎಲುಬುಗೂಡಿನ ಚಿತ್ರ ಬಂದಿದೆ. ಶಾಂತಮ್ಮ ಅದಕ್ಕೆ ಹೆದರಿ ಮೊದಮೊದಲು ಅದರ ಮೇಲೆ ಟವೆಲು ಹಾಕುತ್ತಿದ್ದಳು. ಇದು ಕಡೆಯದು ಎಂದಿದ್ದ ಬಸವರಾಜನೇ ಮೊನ್ನೆ ಊಟಕ್ಕೆ ಕೂತಾಗ, ಅದಾದ ಮೇಲೆ ಓದುವುದು ಯಾವುದು ಎಂದು ಕೇಳಿದ.

ಇಷ್ಟರಲ್ಲಿ ಪರೀಕ್ಷೆ ಮಾಡಿದ್ದ ಅದೇ ಮೇಡಂ ಅವರ ಫೋನು ಸಂಸ್ಥೆಯಿಂದ ಬಂತು. ಫೋನು ರೇಣುವಿಗಲ್ಲ, ನನಗೆ. ಹೊಸ ತಂಡದವರಿಗೆ ಕಲಿಸಲು ಒಬ್ಬ ರೋಗಿ ಬೇಕು, ದಾದಾ ಬರುತ್ತಾರೆಯೇ ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದೆ. ಎಪ್ಪತ್ತು ದಾಟಿದ ಮೇಲೆ ನನಗೂ ಒಂದು ಹೊಸ ಕಸುಬು, ಅದರಲ್ಲಿ ಬಡ್ತಿಯ ದಾರಿಯೂ ಇದೆ: ಈ ಸಲ ಎಡಗಡೆಯಲ್ಲ, ಬಲಗಡೆಗೆ ಲಕ್ವಾ ಹೊಡೆದ ರೋಗಿಯಂತೆ. ಬಲಗೈ ಬಲಗಾಲು ಅಲುಗಬಾರದು, ಜೊತೆಗೆ ಮಾತೂ ನಿಂತಿರಬೇಕು. ಅದನ್ನು ಕೇಳಿ ಶಾಂತಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಕೈಕಾಲಿಂದು ಹೆಂಗರ ಆಗ್ತೈತ್ರಿ. ಮಾತ ನಿಂದ್ರಸೂದು ಎಲ್ಲಿ ಕಲೀತೀರಿ ನೀವು?"

ಆಕೆಯ ಮಾತು ಸುಳ್ಳಲ್ಲ. ಅಭ್ಯಾಸದ ಮೊದಲ ದಿನವೇ ಊರಿನಿಂದ ತಮ್ಮನ ಫೋನು ಬಂದು, ರೇಣುವಿನ ಕೆಲಸದ ಸುದ್ದಿಯನ್ನು ಅವನಿಗೂ, ಅವನ ಪಕ್ಕದಲ್ಲಿ ಕೂತಿದ್ದವರಿಗೂ ಹೇಳಿ ಮುಗಿಸುವಷ್ಟರಲ್ಲಿ ಫೋನೇ ಬಿಸಿಯಾಗಿತ್ತು. ಇವತ್ತು ರೇಣು ಕಟ್ಟುನಿಟ್ಟು ಮಾಡಿದಳು. ತಾನು ಕೆಲಸದಿಂದ ಬರುವವರೆಗೂ ರೋಗಿಯಂತೆ ಇರಬೇಕು, ಒಂದು ಮಾತೂ ಆಡಬಾರದು ಎಂದು ಹೇಳಿ ಹೋದಳು. ಆಡಲಿಲ್ಲ. ಆದರೆ ಇಷ್ಟೊಂದು ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಬಿದ್ದಿರುವುದು ಯಾರಿಂದಾದೀತು? ಮಾತಾಡಬೇಡ ಎಂದಿದ್ದಾಳೆಯೇ ಹೊರತು ಬರೆಯಬೇಡ ಎಂದಿಲ್ಲ ಎಂದು, ಗೊತ್ತಿದ್ದ ಅಕ್ಷರಗಳನ್ನೆಲ್ಲ ಕೂಡಿಸಿಕೊಂಡು ಇಷ್ಟು ಬರೆದೆ. ಈಗ ತಾನೇ ರೇಣು ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ನಾನು ಬರೆಯುತ್ತ ಕೂತದ್ದನ್ನು ನೋಡಿ ನಿಂತಳು.

"ಅಜ್ಜಾ," ಅಂದಳು, "ಯಾವ ಕೈಲೆ ಬರಿಯಾಕತ್ತಿ ನೀ?"